ನಾ ಮದಲಿಂಗ ಅಲ್ರೀ!

ಟೀವಿ ಕಾಮಿಡಿ ಧಾರಾವಾಹಿಗಳಲ್ಲಿ ಒಂದು ಪದ್ಧತಿ ಇದೆ. ಹೀರೋ-ಹೀರೋಯಿನ್ ಜಗಳ ಹಳಸಿ, ಬರೆಯುವವರ ಹತ್ತಿರ ಕಥೆ ಖಾಲಿಯಾದಾಗ ಪಕ್ಕದ ಮನೆಯವನಿಗೋ ಆಫೀಸಿನ ಪ್ಯೂನನಿಗೋ ಒಂದು ಕಂತು ಬಿಟ್ಟುಕೊಡುತ್ತಾರೆ. ಅವನು ಯಾವುದೋ ಸಣ್ಣ ಕೆಲಸಕ್ಕೆ ಹೊರಬಿದ್ದು ರಾತ್ರಿಯಿಡೀ ಊರು ಸುತ್ತುತ್ತಾನೆ. ಪೊಲೀಸರು, ಬೀದಿನಾಯಿ, ಕುಡುಕರು ಎಲ್ಲರೂ ಗಂಟು ಬೀಳುತ್ತಾರೆ.

ನನಗೆ ಈ ಕಂತುಗಳೇ ಜಾಸ್ತಿ ಇಷ್ಟ. ಅಂಥವರಿಗೂ ಒಮ್ಮೊಮ್ಮೆ ದೆಸೆ ತಿರುಗುತ್ತದೆ ನೋಡಿ. ಅಮೆರಿಕದ ‘ಚಿಯರ್ಸ್’ ಅನ್ನುವ ಕಾಮಿಡಿ ಧಾರಾವಾಹಿಗೆ 1984ರಲ್ಲಿ, ಮೂರನೇ ಸೀಸನ್ನಿನಲ್ಲಿ, ಫ್ರೇಜರ್ ಅನ್ನುವ ಮನೋವೈದ್ಯನ ಪಾತ್ರ ಬಂದು ಸೇರಿತು. 1993ರಲ್ಲಿ ಚಿಯರ್ಸ್ ಮುಗಿಯಿತು. ಅದೇ ವರ್ಷ ಫ್ರೇಜರನ ಹೆಸರಿನದೇ ಬೇರೆ ಧಾರಾವಾಹಿ ಶುರುವಾಗಿ 2004ರವರೆಗೆ ಓಡಿತು. ಅದೂ 11 ಸೀಸನ್, ಇದೂ 11 ಸೀಸನ್. ಉಣ್ಣಲು ಬಂದ ಬೀಗರು ಮನೆಯ ಯಜಮಾನರಾದ ಹಾಗೆ!

ನಮ್ಮ ಮನೆತನದಲ್ಲಿ ಆ ಪೋಷಕ ಪಾತ್ರ ನನ್ನದು. ಗ್ರೂಪ್ ಫೋಟೋದ ಅಂಚಿನಲ್ಲಿ ಅರ್ಧ ಕಿವಿ ಮಾತ್ರ ಕಾಣುತ್ತದಲ್ಲ, ಅದೇ ನಾನು. ಬಾಳೆಎಲೆ, ಸಿಲಿಂಡರ್, ಭಟ್ಟರು, ಏನೇ ಬೇಕಾಗಲಿ, ‘ಅಂವಗ ಹೇಳ್ರಿ, ಅಂವ ತರ್ತಾನ’ ಅನ್ನುತ್ತಾರೆ.

ಕಾಕಾನ ಮಗನ ಮದುವೆ ಧಾರವಾಡದಲ್ಲಿತ್ತು. ಹಿಂದಿನ ಸಂಜೆ ಕಾಕು ನನಗೆ ಎರಡು ಕೆಲಸ ಹಚ್ಚಿದಳು. ಹುಬ್ಬಳ್ಳಿ ದುರ್ಗದಬೈಲಿನ ಹತ್ತಿರ ಹೇಳಿಟ್ಟ ಬಾಸಿಂಗ ತರಬೇಕು. ಹಾಗೇ ರಾತ್ರಿ ಗಾಡಿಗೆ ಬರುವ ಸೊಲ್ಲಾಪುರದ ಮಾಮಾನನ್ನು ಸ್ಟೇಷನ್ನಿನಿಂದ ಕರೆದುಕೊಂಡು ಬರಬೇಕು.

“ಚಿಗರಿ ಬಸ್ಸಿನ್ಯಾಗ ಹೋಗು, ಚಿಗರಿ ಬಸ್ಸಿನ್ಯಾಗ ಬಾ. ಏನ್ ದೊಡ್ಡ ಮಾತು?”

ದೊಡ್ಡ ಮಾತೇ. ಬಾಸಿಂಗ ಬ್ಯಾಗಿನಲ್ಲಿ ತುರುಕುವ ವಸ್ತುವಲ್ಲ. ಸುತ್ತ ಜರಿ, ಸಾಲು ಮುತ್ತು, ನಡುವೆ ಕನ್ನಡಿ ಚೂರು, ಎರಡೂ ಬದಿಗೆ ಹಣೆಗೆ ಕಟ್ಟುವ ದಾರ. ಸ್ವಲ್ಪ ಒತ್ತಿದರೆ ಒಂದು ಮೂಲೆ ಮುರಿಯಿತು ಅಂತಲೇ ಲೆಕ್ಕ. ಅಂಗಡಿಯವನು ಜೋಡಿ ಬಾಸಿಂಗಕ್ಕೆ ತೆಳುವಾದ ಪ್ಲಾಸ್ಟಿಕ್ ಸುತ್ತಿ, “ಕೂಸಿನ್ನ ಹಿಡದಂಗ ಹಿಡೀರಿ” ಎಂದ. ಎದೆಗೆ ಅವುಚಿದರೆ ಮುತ್ತು ಉದುರುತ್ತಿದ್ದವು. ಹೀಗಾಗಿ ಎರಡೂ ಕೈ ಮುಂದೆ ಚಾಚಿಕೊಂಡೇ ಪೇಟೆಯಲ್ಲಿ ನಡೆದೆ. ಜನ ದಾರಿ ಬಿಟ್ಟರು!

ಹೊಟ್ಟೆ ಹಸಿದಿತ್ತು. ಗಿರ್ಮಿಟ್ ಗಾಡಿಯವನು ಚುರಮುರಿಗೆ ಹುಣಸೆ-ಬೆಲ್ಲದ ಗೊಜ್ಜು ಕಲಸಿ, ಪುಠಾಣಿ ಹಿಟ್ಟು ಉದುರಿಸುತ್ತ ನನ್ನ ಕೈ ನೋಡಿದ.

“ನಾಳಿ ಲಗ್ನೇನ್ರಿ? ಇವತ್ತ ಹೊಟ್ಟಿ ತುಂಬ ತಿನ್ರಿ. ನಾಳಿಂದ ಕೇಳಿ ತಿನ್ನೂದು ಇರ್ತೈತಿ.”

ನನ್ನದಲ್ರೀ ಅನ್ನುವಷ್ಟರಲ್ಲಿ ಪ್ಲೇಟಿನ ಮೇಲೆ ಪುಕ್ಕಟೆ ಎರಡು ಮಿರ್ಚಿ ಕೂತಿದ್ದವು. ಬಿಸಿ ಮಿರ್ಚಿ ಮುಂದೆ ಇಟ್ಟುಕೊಂಡು ವಾದ ಮಾಡಬಾರದು. ಪಕ್ಕದಲ್ಲಿ ನಿಂತವನ ಕೈಗೆ ಬಾಸಿಂಗ ಕೊಟ್ಟು ತಿಂದೆ. ಅಷ್ಟರಲ್ಲಿ ಯಾರೋ ಬಂದು ಅವನಿಗೂ ಕೇಳಿದರು: “ಯಾವೂರ ಹುಡಿಗಿ?”

ಇನ್ನು ಸ್ಟೇಷನ್. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, 1,507 ಮೀಟರ್. ಉದ್ಘಾಟನೆ ಆಗಿದ್ದು 2023ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲು ಆ ಹೆಸರು ಗೋರಖಪುರದ್ದಿತ್ತು, 1,366 ಮೀಟರ್. ಪೇಪರಿನಲ್ಲಿ ಓದಿದಾಗ ಎದೆ ಉಬ್ಬಿತ್ತು. ಮಾಮಾನನ್ನು ಹುಡುಕುವಾಗ ಮಾತ್ರ ಗೋರಖಪುರದವರೇ ಪುಣ್ಯವಂತರು ಅನಿಸಿತು. ಮಾಮಾ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಚಾದ ಅಂಗಡಿ ಮುಂದ ನಿಂತೀನಿ.” ಯಾವ ಚಾದ ಅಂಗಡಿ? ಕೇಳುವಷ್ಟರಲ್ಲಿ ಇಟ್ಟುಬಿಟ್ಟ.

ಒಂದು ತುದಿಯಿಂದ ಹೊರಟೆ. ನಡು ದಾರಿಯಲ್ಲಿ ಬೆಂಚಿನ ಮೇಲಿದ್ದ ಅಜ್ಜಿ ಕೈ ಹಿಡಿದು ನಿಲ್ಲಿಸಿದಳು. “ಲಗ್ನ ಬಿಟ್ಟು ಓಡಿ ಹೊಂಟೀ ಏನಪಾ? ಹುಡುಗಿ ಕಣ್ಣೀರ ಛಲೋ ಅಲ್ಲ. ಮನಿಗೆ ಹೋಗು.”

“ನಾ ಮದಲಿಂಗ ಅಲ್ಲಬೇ!”

“ಎಲ್ಲಾರೂ ಹಿಂಗ ಅಂತಾರ” ಎಂದು ಪಕ್ಕದವರು ಸೇರಿಕೊಂಡರು. ಒಬ್ಬ ನೀರಿನ ಬಾಟಲಿ ಕೊಟ್ಟ. ಇನ್ನೊಬ್ಬ ತನ್ನ ಲಗ್ನದ ಹಿಂದಿನ ರಾತ್ರಿ ತನಗೂ ಜ್ವರ ಬಂದಿತ್ತು ಅಂತ ಸಮಾಧಾನ ಹೇಳಿದ. ಸುಳ್ಳು ಯಾಕೆ ಹೇಳಲಿ, ಖುಷಿ ಅನಿಸಿತು. ನಾನು ನಡುವೆ, ಜನ ಸುತ್ತ. ಫೋಟೋ ತೆಗೆದಿದ್ದರೆ ಎರಡೂ ಕಿವಿ ಬರುತ್ತಿದ್ದವು.

ಗುಂಪು ನೋಡಿ ರೈಲ್ವೆ ಪೊಲೀಸರು ಬಂದರು. ಅದೇ ಹೊತ್ತಿಗೆ ಜೇಬಿನಲ್ಲಿ ಫೋನ್. ನನ್ನ ಎರಡೂ ಕೈಯಲ್ಲಿ ಬಾಸಿಂಗ. ಪೊಲೀಸಪ್ಪನೇ ಫೋನ್ ತೆಗೆದು ಕಿವಿಗಿಟ್ಟುಕೊಂಡ. “ನಿಮ್ಮ ಮದಲಿಂಗ ಇಲ್ಲೇ ಪ್ಲಾಟ್‌ಫಾರ್ಮಿನ್ಯಾಗ ಅದಾನ ನೋಡ್ರಿ. ಯಾರರ ಬಂದು ಕರ್ಕೊಂಡು ಹೋಗ್ರಿ.”

ಆ ಕಡೆ ಇದ್ದದ್ದು ಕಾಕು. ಆಮೇಲೆ ತಿಳಿದ ಹಾಗೆ, ಕಿರುಚಿಕೊಂಡು ಇಡೀ ಕಲ್ಯಾಣ ಮಂಟಪ ಎಬ್ಬಿಸಿದ್ದಾಳೆ. ಕಾಕಾ ಮೇಲಿನ ಖೋಲಿಗೆ ಓಡಿ ಬಾಗಿಲು ಬಡಿದಿದ್ದಾನೆ. ನಿಜವಾದ ಮದಲಿಂಗ ಅರಿಶಿಣದ ಮುಖ ಹೊತ್ತು ಗೊರಕೆ ಹೊಡೆಯುತ್ತಿದ್ದ.

ಪೊಲೀಸರಿಗೆ ಲಗ್ನಪತ್ರಿಕೆಯ ಫೋಟೋ ತೋರಿಸಿ, ವರನ ಮುಖ ಬೇರೆ ಅಂತ ಸಾಬೀತು ಮಾಡಿ, ಸಿಕ್ಕ ಗಾಡಿ ಹತ್ತಿ ಧಾರವಾಡ ಮುಟ್ಟಿದಾಗ ಸರಿರಾತ್ರಿ. ಕಾಕು ಬಾಗಿಲಲ್ಲೇ ಬಾಸಿಂಗ ಇಸಿದುಕೊಂಡು ಮೊದಲು ಮುತ್ತು ನೋಡಿದಳು.

“ಮಾಮಾ ಸಿಗಲಿಲ್ಲ ಕಾಕು.”

“ಅವರು ಆಚಿ ಗೇಟಿನಿಂದ ಹೊರಗ ಬಂದು, ಚಿಗರಿ ಹತ್ತಿ ಆಗಲೇ ಬಂದಿದ್ರು. ಪೊಲೀಸರ ಮಾತು ಕೇಳಿ, ನಿನ್ನ ಬಿಡಿಸ್ಕೊಂಡ ಬರ್ತೀನಂತ ಮತ್ತ ಸ್ಟೇಷನ್ನಿಗೆ ಹೋಗ್ಯಾರ. ಹೋಗು, ಕರ್ಕೊಂಡ ಬಾ.”