ಇಲ್ಲಿ ನೋಡೋ ತಮ್ಮಾ!

ನಿನ್ನೆ ಸಂಜೆ ಗೋಳಗುಮ್ಮಟದ ಮುಂದಿನ ಹುಲ್ಲಿನ ಮೇಲೆ ತೆಗೆದದ್ದು 214 ಫೋಟೋ. ಇವತ್ತು ಕಂಪ್ಯೂಟರಿಗೆ ಹಾಕಿ ನೋಡಿದರೆ 190ರಲ್ಲಿ ಕೂಸು ಎಡಕ್ಕೆ ನೋಡುತ್ತಿದೆ. ಎಡಕ್ಕೆ ಏನಿತ್ತು? ಗಿಳಿ ಇರಲಿಲ್ಲ, ಐಸ್‌ಕ್ರೀಮ್ ಗಾಡಿಯೂ ಇರಲಿಲ್ಲ. ಎಡಕ್ಕೆ ಮಾವ ಇದ್ದರು.

ಈ ಮಾವ ಎಲ್ಲರ ಮನೆಯಲ್ಲೂ ಇದ್ದಾರೆ. ಸಂಬಂಧದಲ್ಲಿ ಕಾಕಾ ಆಗಿರಬಹುದು, ದೊಡ್ಡಪ್ಪ ಆಗಿರಬಹುದು, ಬಾಜೂ ಮನೆಯವರೂ ಆಗಿರಬಹುದು. ಬುತ್ತಿಗಂಟು ಹೊರುವಾಗ ಎಲ್ಲಿರುತ್ತಾರೋ ಗೊತ್ತಿಲ್ಲ, ಕ್ಯಾಮೆರಾ ಚೀಲದ ಜಿಪ್ ಸದ್ದಾದ ಕೂಡಲೇ ಹಾಜರ್. ಫೋಟೋ ತೆಗೆಯುವವನ ಎಡಕ್ಕೆ ಸರಿಯಾಗಿ ಒಂದು ಮೊಳ ದೂರದಲ್ಲಿ ನಿಲ್ಲುತ್ತಾರೆ. ಮೊದಲು ಚಪ್ಪಾಳೆ. ಆಮೇಲೆ ಗಾಡಿಯ ಕೀಲಿಗೊಂಚಲು. ಅದಕ್ಕೂ ಬಗ್ಗದಿದ್ದರೆ ಸೀಟಿ. ನಡುವೆ ಬಿಟ್ಟೂ ಬಿಡದೆ ಒಂದೇ ಮಂತ್ರ: "ಏ ತಮ್ಮಾ, ಇಲ್ಲಿ ನೋಡೋ! ಇಲ್ಲಿ, ಇಲ್ಲಿ! ಹಲ್ಲ ತೋರ್ಸು!" ತಮ್ಮ ಪಾಪ ಹೇಳಿದ ಮಾತು ಕೇಳುವ ಹುಡುಗ. ಇಲ್ಲಿ ಅಂದರೆ ಮಾವ ಇದ್ದಲ್ಲಿ ಎಂದು ತಿಳಿದು ಅಲ್ಲೇ ನೋಡುತ್ತಾನೆ. ಹಲ್ಲೂ ತೋರಿಸುತ್ತಾನೆ, ಹುಳುಕು ನೋಡಲು ಬಂದ ಡಾಕ್ಟರಿಗೆ ತೋರಿಸುವ ಹಾಗೆ.

ಅಷ್ಟರಲ್ಲಿ ಅವ್ವನ ದನಿ, "ಕೈ ಕೆಳಗ ಬಿಡು." ಅಪ್ಪನದು, "ಎದಿ ಎತ್ತಿ ನಿಂದ್ರು." ಅಜ್ಜನದು, "ಏ, ಕೂಸಿಗೆ ಬಿಸಲ ಹತ್ತೈತಿ, ಲಗೂ ಮುಗಸ್ರಿ." ನಾಲ್ಕು ದಿಕ್ಕಿನ ನಾಲ್ಕು ಹುಕುಂ ಒಂದೇ ಮುಖದ ಮೇಲೆ ಬಿದ್ದರೆ ಆ ಮುಖ ನಗುತ್ತದೆಯೇ? ಪರೀಕ್ಷೆಗೆ ಕೂತ ಹಾಗಿರುತ್ತದೆ.

ತಪ್ಪು ಹುಡುಗನದಲ್ಲ, ಸ್ನಾಯುಗಳದ್ದು. ತುಟಿಯ ತುದಿ ಮೇಲಕ್ಕೆ ಎಳೆಯುವ ಕೆನ್ನೆಯ ಸ್ನಾಯು ಹೇಳಿದ ಮಾತು ಕೇಳುತ್ತದೆ. ಕಣ್ಣಿನ ಸುತ್ತಲಿನದು ಅಷ್ಟು ಸುಲಭಕ್ಕೆ ಕೇಳುವುದಿಲ್ಲ, ಅದಕ್ಕೆ ನಿಜವಾಗಿ ಖುಷಿ ಆಗಬೇಕು. ಫ್ರಾನ್ಸಿನ ವೈದ್ಯ ಡುಷೆನ್ ಇದನ್ನು 1862ರಲ್ಲೇ ಬರೆದಿಟ್ಟಿದ್ದಾನೆ. ಮಾವನಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. 1839ರಲ್ಲಿ ಡಾಗೇರನ ಫೋಟೋ ಪದ್ಧತಿ ಜಗತ್ತಿಗೆ ಗೊತ್ತಾದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಜನ ಅಲುಗಾಡಬಾರದೆಂದು ಕುತ್ತಿಗೆಯ ಹಿಂದೆ ಕಬ್ಬಿಣದ ಆಸರೆ ಕೊಡುತ್ತಿದ್ದರು. ಆಗ "ಸುಮ್ಮ ನಿಂದ್ರು" ಎಂಬುದಕ್ಕೆ ಅರ್ಥವಿತ್ತು. ಈಗಿನ ಕ್ಯಾಮೆರಾಕ್ಕೆ ಸೆಕೆಂಡಿನ ಐನೂರರಲ್ಲಿ ಒಂದು ಭಾಗ ಸಾಕು. ಕಬ್ಬಿಣದ ಆಸರೆ ಹೋಯಿತು, ಮಾವ ಉಳಿದರು.

ಹಾಗಾದರೆ ಮಾಡುವುದೇನು? ಮಕ್ಕಳನ್ನು ನಿಲ್ಲಿಸಬೇಡಿ, ಆಟಕ್ಕೆ ಬಿಡಿ. ಆದರೆ "ಹೋಗ್ರಿ, ಆಡ್ರಿ" ಅಂದರೆ ಆಗುವುದಿಲ್ಲ. ಹಾಗಂದರೆ ಮಕ್ಕಳು ನಿಮ್ಮ ಮುಖವನ್ನೇ ನೋಡುತ್ತಾ ನಿಲ್ಲುತ್ತಾರೆ, ಇಲ್ಲವೇ ಮೊಬೈಲ್ ಕೇಳುತ್ತಾರೆ. ಕೈಗೆ ಕೆಲಸ ಕೊಡುವ ಆಟ ಬೇಕು. ಲಗೋರಿಗೆ ಏಳು ಚಪ್ಪಟೆ ಕಲ್ಲು, ಒಂದು ಬಟ್ಟೆ ಚೆಂಡು ಸಾಕು. ಚೆಂಡು ಬಿದ್ದ ಗಳಿಗೆಗಿಂತ ಕಲ್ಲು ಮತ್ತೆ ಜೋಡಿಸುವ ಗಳಿಗೆಯಲ್ಲಿ ಮುಖಗಳು ಚೆನ್ನಾಗಿ ಸಿಗುತ್ತವೆ, ಯಾಕೆಂದರೆ ಎಲ್ಲರೂ ಒಂದೇ ಕಡೆ ಬಗ್ಗಿರುತ್ತಾರೆ. ಕುಂಟಾಬಿಲ್ಲೆಯಲ್ಲಿ ಒಬ್ಬರದೇ ಸರದಿ, ಹಾಗಾಗಿ ಕುಂಟುವವರನ್ನು ಬಿಟ್ಟು ಕಾಯುತ್ತಾ ನಿಂತವರ ಕಡೆ ಲೆನ್ಸ್ ತಿರುಗಿಸಿ. ಗೆರೆ ತುಳಿದರೋ ಇಲ್ಲವೋ ಎಂದು ಹದ್ದಿನಂತೆ ನೋಡುವ ಆ ಕಣ್ಣುಗಳು ಯಾವ "ಹಲ್ಲ ತೋರ್ಸು"ಗೂ ಸಿಗುವುದಿಲ್ಲ. ಬಗರಿ ಮಾತ್ರ ಬೇಡ. ಎಲ್ಲರೂ ನೆಲ ನೋಡುತ್ತಾರೆ, ನಿಮಗೆ ಎಂಟು ನೆತ್ತಿಗಳ ಫೋಟೋ ಸಿಗುತ್ತದೆ.

ಕೂಸು ಚಿಕ್ಕದಿದ್ದರೆ ಅಪ್ಪ ಮೇಲಕ್ಕೆ ಎತ್ತಿ ಹಿಡಿಯುವ ಆಟ. ಇಲ್ಲಿ ಎಲ್ಲರೂ ಎಡವುತ್ತಾರೆ: ಕೂಸು ಅತ್ಯಂತ ಎತ್ತರಕ್ಕೆ ಹೋದಾಗ ಬಟನ್ ಒತ್ತುತ್ತಾರೆ. ಅಲ್ಲಿ ಕೂಸಿನ ಗದ್ದ ಕಾಣುತ್ತದೆ, ಅಪ್ಪನ ಗಂಟಲು ಕಾಣುತ್ತದೆ, ಅಷ್ಟೇ. ಕೆಳಗಿಳಿದು ಎದೆಗೆ ಬರುವಾಗ ಇಬ್ಬರ ಮುಖವೂ ಒಂದೇ ಎತ್ತರಕ್ಕೆ ಬರುತ್ತವೆ, ಆಗ ಒತ್ತಬೇಕು. ನೀವು ಮಂಡಿಯೂರಿ, ಮಗುವಿನ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ. ನಿಂತುಕೊಂಡೇ ತೆಗೆದರೆ ತಲೆ ದೊಡ್ಡದು, ಕಾಲು ಗೇಣುದ್ದ, ಕುಂಬಳಕಾಯಿಗೆ ಚಡ್ಡಿ ಹಾಕಿದಂತೆ.

ಲೆಕ್ಕ ಸರಳ. ಶಟರ್ ಅಂದರೆ ಕ್ಯಾಮೆರಾ ಬೆಳಕಿಗೆ ಬಾಗಿಲು ತೆರೆದಿಡುವ ಹೊತ್ತು: ಓಡುವ ಮಗುವಿಗೆ ಸೆಕೆಂಡಿನ 1/500, ಜಿಗಿಯುವ ಮಗುವಿಗೆ 1/1000. ಫೋಕಸ್ ಒಂದೇ ಕಡೆ ಕಚ್ಚಿಕೊಳ್ಳದೆ ಬೆನ್ನತ್ತುವ ಮೋಡ್‌ನಲ್ಲಿರಲಿ. ಇನ್ನು ಲೆನ್ಸಿನ ಕಿಂಡಿಯ ಅಳತೆ, ಎಫ್ ಸಂಖ್ಯೆ; ಅದು ಚಿಕ್ಕದಾದಷ್ಟೂ ಹಿಂದಿನದು ಮಸುಕು. ಒಂದೇ ಮಗುವಾದರೆ ಎಫ್ 2.8 ಚೆಂದ. ಎರಡು ಸಾಲಾದರೆ 5.6ಕ್ಕೆ ಹೋಗಿ, ಇಲ್ಲದಿದ್ದರೆ ಹಿಂದಿನ ಸಾಲಿನ ಅತ್ತೆ ಮಸುಕಾಗುತ್ತಾರೆ, ಅವರು ಅದನ್ನು ಮಸುಕು ಅನ್ನುವುದಿಲ್ಲ, ಅವಮಾನ ಅನ್ನುತ್ತಾರೆ. ಮೊಬೈಲಾದರೆ ಪೋರ್ಟ್ರೇಟ್ ಮೋಡ್ ಬಿಡಿ, ಹಾರುವ ಜಡೆಯನ್ನು ಅದು ಹಿನ್ನೆಲೆ ಎಂದುಕೊಂಡು ಮಸುಕು ಮಾಡಿಬಿಡುತ್ತದೆ. ಒಂದೇ ಸಮನೆ ತೆಗೆಯುವ ಬರ್ಸ್ಟ್ ಬಳಸಿ. ನೈಟ್ ಮೋಡಂತೂ ಆಟಕ್ಕೆ ವೈರಿ, ಅದು ಸೆಕೆಂಡುಗಟ್ಟಲೆ ಬೆಳಕು ಕೂಡಿಹಾಕುವುದರಲ್ಲಿ ಹುಡುಗ ದೆವ್ವವಾಗಿರುತ್ತಾನೆ.

ಹೊತ್ತು ಮುಖ್ಯ. ನಮ್ಮ ವಿಜಯಪುರದ ಬಿಸಿಲು ಗೊತ್ತಲ್ಲ, ಮಧ್ಯಾಹ್ನದ ಫೋಟೋದಲ್ಲಿ ಕಣ್ಣಿನ ಗೂಡುಗಳಲ್ಲಿ ಕಪ್ಪು, ಮೂಗಿನ ಕೆಳಗೆ ನೆರಳಿನ ಮೀಸೆ, ಸಣ್ಣ ಹುಡುಗಿಗೂ. ಸೂರ್ಯ ಮುಳುಗುವ ಮೊದಲಿನ ಒಂದು ತಾಸು ಸಾಕು: ಮೇ ತಿಂಗಳಲ್ಲಿ ಆರರಿಂದ, ಡಿಸೆಂಬರಿನಲ್ಲಿ ಐದರಿಂದಲೇ. ಬಟ್ಟೆಯ ಬಗ್ಗೆ ಒಂದೇ ಮಾತು. ಎಲ್ಲರಿಗೂ ಬಿಳಿ ಅಂಗಿ ಹಾಕಿಸುವ ಹೊಸ ಹುಚ್ಚು ಬಂದಿದೆ. ಎರೆ ಮಣ್ಣಿನ ನಾಡಿನಲ್ಲಿ ಮಕ್ಕಳಿಗೆ ಬಿಳಿ ಅಂಗಿ! ಹತ್ತನೇ ನಿಮಿಷಕ್ಕೆ ಆಟ ನಿಲ್ಲುತ್ತದೆ, ಹೊಡೆತ ಶುರುವಾಗುತ್ತದೆ.

ಇನ್ನು ಗುಮ್ಮಟ. ಎಲ್ಲರಿಗೂ ಅದು ಪೂರ್ತಿ ಬೇಕು, ಮನೆಮಂದಿಯೂ ಬೇಕು. ಹೊರಗಿನಿಂದ 44 ಮೀಟರ್ ವ್ಯಾಸದ ಗುಮ್ಮಟ ಅದು. ಅದರ ಬುಡಕ್ಕೆ ಮಾವ ಕುಟುಂಬವನ್ನು ಓಡಿಸಿ ಸಾಲಾಗಿ ನಿಲ್ಲಿಸುತ್ತಾರೆ. ಫೋಟೋದಲ್ಲಿ 1656ರ ಕಟ್ಟಡ, ಅದರ ಪಾದದಲ್ಲಿ ಒಂಬತ್ತು ಇರುವೆ. ಕುಟುಂಬ ನಿಮ್ಮ ಹತ್ತಿರ ಬರಬೇಕು, ಗುಮ್ಮಟ ದೂರ ಉಳಿಯಬೇಕು. ಒಳಗೆ ಹೋದರೆ ಕತೆಯೇ ಬೇರೆ. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಮಕ್ಕಳು ಕೂಗಿ ಕುಣಿಯುತ್ತಾರೆ, ಬೆಳಕು ಸಾಲದು, ಫೋಟೋ ಮಸುಕು. ಬಿಟ್ಟುಬಿಡಿ, ಅದು ಕಿವಿಯ ಆಟ. ಅಲ್ಲಿಗೂ ಮಾವ ಬಂದಿರುತ್ತಾರೆ, "ಏ ತಮ್ಮಾ, ಇಲ್ಲಿ ನೋಡೋ" ಎಂದು ಒಮ್ಮೆ ಅನ್ನುತ್ತಾರೆ. ಗುಮ್ಮಟ ಅದನ್ನು ಏಳು ಸಲ ಅನ್ನುತ್ತದೆ. ಏಳು ಮಾವಂದಿರು! ಹುಡುಗ ಯಾವ ದಿಕ್ಕಿಗೆ ನೋಡಬೇಕು?

ಮಾವನನ್ನು ಬೈದು ಉಪಯೋಗವಿಲ್ಲ, ಮುನಿಸಿಕೊಂಡರೆ ಊಟದ ತನಕ ಮುಖ ಊದಿಕೊಂಡಿರುತ್ತಾರೆ, ಆ ಮುಖವೂ ಫೋಟೋದಲ್ಲಿ ಬರುತ್ತದೆ. ಇರುವುದು ಒಂದೇ ದಾರಿ: ಕಣ್ಣಾಮುಚ್ಚಾಲೆ. ಮಾವನನ್ನೇ ಕಳ್ಳ ಮಾಡಬೇಕು. "ನಿಮ್ಮಷ್ಟು ಚಂದ ಯಾರಿಗೂ ಎಣಸಾಕ ಬರಂಗಿಲ್ರಿ" ಅಂದರೆ ಸಾಕು, ಹಿಗ್ಗಿ ಹೀರೇಕಾಯಿ ಆಗುತ್ತಾರೆ. ಮುಖ ಗಿಡದ ಕಡೆ, ಕಣ್ಣ ಮೇಲೆ ಎರಡೂ ಕೈ. ಚಪ್ಪಾಳೆಗೆ ಕೈ ಖಾಲಿ ಇಲ್ಲ, ಕೀಲಿಗೊಂಚಲಿಗೂ ಇಲ್ಲ, ಬಾಯಿಗೆ ಎಣಿಕೆಯ ಕೆಲಸ. ಇಪ್ಪತ್ತರ ತನಕ ಎಂದು ಹೇಳಿ ಕೆಡಬೇಡಿ. ನೂರರ ತನಕ ಎನ್ನಿ, ಒಂದೊಂದಾಗಿ. ನಿಮಗೆ ಒಂದೂವರೆ ನಿಮಿಷ ಸಿಗುತ್ತದೆ.

ಆ ಒಂದೂವರೆ ನಿಮಿಷದಲ್ಲಿ ಏನೇನು ಆಗುತ್ತದೆ ನೋಡಿ. ಅವ್ವನ ಸೆರಗಿನಡಿ ಒಂದು ಹುಡುಗಿ ಹೊಕ್ಕುತ್ತಾಳೆ, ಇಳಕಲ್ಲ ಸೀರೆಯ ಟೋಪಿ ಸೆರಗಿನಿಂದ ಒಂದೇ ಕಣ್ಣು ಹೊರಗೆ. ಅಪ್ಪ, ಐದು ನಿಮಿಷದ ಹಿಂದೆ ಎದೆ ಎತ್ತು ಎಂದವನು, ಗಿಡದ ಹಿಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತಿರುತ್ತಾನೆ. ಹೊಟ್ಟೆ ಒಪ್ಪಿಲ್ಲ, ಗಿಡದ ಎರಡೂ ಕಡೆ ಕಾಣುತ್ತದೆ. ತಮ್ಮ ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಿದ್ದಾನೆ. ಅದೇ ನಗು, ಕಣ್ಣಿನದು.

ಆಟಕ್ಕೆ ಬರಲಾಗದೆ ಚಾಪೆಯ ಮೇಲೆ ಕೂತ ಅಜ್ಜಿಯ ಕಡೆಗೂ ಒಮ್ಮೆ ಕ್ಯಾಮೆರಾ ತಿರುಗಿಸಿ. ಆಕೆಯ ಫೋಟೋಗಳು ಎಷ್ಟಿರುತ್ತವೆ ಮನೆಯಲ್ಲಿ? ಮದುವೆಯದೊಂದು, ಆಧಾರ್ ಕಾರ್ಡಿನದೊಂದು, ಎರಡರಲ್ಲೂ ಬೆದರಿದ ಮುಖ. ಮುಂದೊಂದು ದಿನ ದೊಡ್ಡದು ಮಾಡಿಸಿ ಗೋಡೆಗೆ ಹಾಕುವುದು ಅದರಲ್ಲೇ ಒಂದನ್ನು. ಆಕೆಯ ಮುಂದೆ ಐದು ಗಜ್ಜಗ ಇಟ್ಟು ಸುಮ್ಮನಿರಿ. ಮೊದಲು "ನನಗೇನ್ ಬರತೈತಿ ಬಿಡವಾ" ಅನ್ನುತ್ತಾಳೆ. ಆಮೇಲೆ ಒಂದನ್ನು ಮೇಲೆ ಚಿಮ್ಮುತ್ತಾಳೆ, ಕೆಳಗಿನ ಎರಡನ್ನು ಬಾಚುತ್ತಾಳೆ, ಬೀಳುವುದನ್ನು ಹಿಡಿಯುತ್ತಾಳೆ. ಸಂಧಿವಾತದ ಆ ಬೆರಳು ಯಾವಾಗ ಅಷ್ಟು ಚುರುಕಾದವು? ಕಣ್ಣು ಗಜ್ಜಗದ ಮೇಲೆ, ತುಟಿ ಸ್ವಲ್ಪ ತೆರೆದಿದೆ, ಎದುರಿಗೆ ಕ್ಯಾಮೆರಾ ಇದೆಯೆಂಬುದು ಮರೆತೇಹೋಗಿದೆ. 1/500. ಎರಡು ಸಲ ಒತ್ತಿ, ಮೂರನೆಯದು ಬೇಡ, ಸದ್ದಿಗೆ ತಲೆ ಎತ್ತುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ, ಮುಗಿಯಿತು.

"ತೊಂಬತ್ತೆಂಟ, ತೊಂಬತ್ತೊಂಬತ್ತ, ನೂರ!"

ಮಾವ ಕಣ್ಣು ಬಿಟ್ಟು ತಿರುಗುತ್ತಾರೆ. ಹುಲ್ಲಿನ ಮೇಲೆ ಯಾರೂ ಇಲ್ಲ, ಕ್ಯಾಮೆರಾ ಹಿಡಿದವನೊಬ್ಬ ಬಿಟ್ಟು. "ಅಯ್ಯ, ಎಲ್ಲಾರೂ ಎಲ್ಲಿ ಹೋದ್ರಿ? ಬರ್ರಿ, ಬರ್ರಿ, ಸಾಲಾಗಿ ನಿಂದ್ರಿ, ಬೆಳಕ ಹೊಂಟೈತಿ, ಒಂದ ಛಲೋ ಫೋಟೋ ತಗಸೂನು!" ಎಂದು ಬಂದು ನನ್ನ ಎಡಕ್ಕೆ ನಿಲ್ಲುತ್ತಾರೆ.