ಕಾಕಾನ ಎಂಜಿ, ಕಾಕೂನ ಡಬ್ಬಿ

ನಮ್ಮ ಕಾಕಾನ ಎಂಜಿಎ ಕಾರಿನ ಬಾಗಿಲಿಗೆ ಹೊರಗಡೆ ಹಿಡಿಕೆ ಇಲ್ಲ. ಮುರಿದು ಬಿದ್ದಿದ್ದಲ್ಲ, ಕಂಪನಿಯವರು ಇಟ್ಟೇ ಇಲ್ಲ. ಒಳಗೆ ಕೈ ಹಾಕಿ ಹಗ್ಗ ಜಗ್ಗಬೇಕು. ಕಿಟಕಿಗೆ ಏರಿಸಿ ಇಳಿಸುವ ಗಾಜೂ ಇಲ್ಲ. ಮಳೆ ಬಂದರೆ ಡಿಕ್ಕಿಯಿಂದ ಪರದೆಯಂಥದ್ದೇನನ್ನೋ ತೆಗೆದು ಸಿಕ್ಕಿಸಬೇಕು. ಸಿಕ್ಕಿಸುವಷ್ಟರಲ್ಲಿ ಬೆಳಗಾವಿಯ ಮಳೆ ತನ್ನ ಕೆಲಸ ಮುಗಿಸಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಛತ್ರಿ ಮಡಚದ ಊರಿನಲ್ಲಿ ಇಂಥ ಕಾರು ಸಾಕುವವರು ಒಂದೋ ಆಗರ್ಭ ಶ್ರೀಮಂತರಾಗಿರಬೇಕು, ಇಲ್ಲವೇ ನಮ್ಮ ಕಾಕಾ ಆಗಿರಬೇಕು.

ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ 1955ರಿಂದ 1962ರವರೆಗೆ ಈ ಜಾತಿಯ ಕಾರುಗಳು ಒಂದು ಲಕ್ಷಕ್ಕೂ ಮಿಕ್ಕಿ ತಯಾರಾದವು. ಬಹುತೇಕ ಎಲ್ಲವೂ ಪರದೇಶಕ್ಕೆ ಹೋದವು. ಅವುಗಳಲ್ಲಿ ಒಂದು ಪೋರ್ಚುಗೀಸರ ಗೋವಾಕ್ಕೆ ಬಂದಿಳಿಯಿತು. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರು ಹೋದರು, ಕಾರು ಉಳಿಯಿತು. ಮಡಗಾಂವದ ಒಬ್ಬ ಭಾಟಕಾರರ, ಅಂದರೆ ಜಮೀನುದಾರರ, ಅಂಗಳದಲ್ಲಿ ಕೋಳಿಗಳು ಅದರಲ್ಲಿ ಸಂಸಾರ ಹೂಡಿದ್ದವಂತೆ. ಎಪ್ಪತ್ತರ ದಶಕದ ಕೊನೆಗೆ ಕಾಕಾ ಆ ಕೋಳಿಗಳನ್ನು ಎಬ್ಬಿಸಿ ಕಾರನ್ನು ಅನಮೋಡ ಘಾಟ ಹತ್ತಿಸಿಕೊಂಡು ಬಂದರು. ಆಗ ಅವರು ಲೈಟಿನ ಇಲಾಖೆಯಲ್ಲಿ ಹೊಸ ಇಂಜಿನಿಯರ್. ಮದುವೆ ಆಗಿರಲಿಲ್ಲ. ಆಗಿದ್ದರೆ ಕಾರು ಬರುತ್ತಿರಲಿಲ್ಲ ಎಂದು ಕಾಕೂ ಇವತ್ತಿಗೂ ಹೇಳುತ್ತಾರೆ.

ಕಾರು ಇಷ್ಟು ವರ್ಷ ಬದುಕಿದ್ದಕ್ಕೆ ಒಂದು ಗುಟ್ಟಿದೆ. ಅದನ್ನು ಕಾಕಾನ ಎದುರಿಗೆ ಹೇಳುವ ಹಾಗಿಲ್ಲ. ಅದರ 1489 ಸಿಸಿ ಎಂಜಿನ್ನೂ ನಮ್ಮ ಅಂಬಾಸಿಡರಿನ ಎಂಜಿನ್ನೂ ಒಂದೇ ವಂಶದವು, ಬಿಎಂಸಿ ಎಂಬ ಬ್ರಿಟಿಷ್ ಕಂಪನಿಯ ಬಿ ಸೀರೀಸು. ಇದಕ್ಕೆ ಪೆಟ್ರೋಲಿಗೆ ಗಾಳಿ ಬೆರೆಸುವ ಎಸ್‌ಯು ಕಾರ್ಬುರೇಟರ್ ಎರಡು, ಅದಕ್ಕೆ ಒಂದು. ಹಾಗಾಗಿ ಪಿಸ್ಟನ್ ರಿಂಗಿನಿಂದ ಹಿಡಿದು ಗ್ಯಾಸ್ಕೆಟ್‌ವರೆಗೆ ಎಷ್ಟೋ ಸಾಮಾನು ಆಟೊ ನಗರದಲ್ಲೇ ಸಿಕ್ಕಿದೆ. ಅಂಬಾಸಿಡರ್ ಬಿಚ್ಚಿ ಜೋಡಿಸುತ್ತಲೇ ತಲೆ ನೆರೆತ ನಮ್ಮ ಮಿಸ್ತ್ರಿ ಬಾನೆಟ್ ಎತ್ತಿದಾಗೊಮ್ಮೆ, "ಏನ ಅನ್ರಿ ಸಾಹೇಬ್ರ, ಇದು ಟ್ಯಾಕ್ಸಿ ಎಂಜಿನ್" ಎನ್ನುತ್ತಾನೆ. ಕಾಕಾ ಎರಡು ದಿನ ಮಾತು ಬಿಡುತ್ತಾರೆ.

ಡಬ್ಬಿಯ ಕತೆ ಶುರುವಾಗಿದ್ದು ಕಬ್ಬಿನಿಂದ. ಪಂಪಿನಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಹಳೆಯ ಕಾಲದ ರಬ್ಬರ್ ಪೈಪು, ಸೀಲುಗಳಿಗೆ ಅದು ಆಗಿಬರುವುದಿಲ್ಲ. ಅದೂ ಹೋಗಲಿ ಎಂದರೆ, ಬರೀ ಪೆಟ್ರೋಲು ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಈ ಮಿಶ್ರಣಕ್ಕೆ 13.5ರ ಸುಮಾರು ಸಾಕು. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲು ಹೆಚ್ಚು ಬಡಿಸಬೇಕು. 1950ರ ದಶಕದ ಕಾರ್ಬುರೇಟರಿಗೆ ಇದನ್ನು ಯಾರು ಹೇಳಬೇಕು? ಅದು ತನ್ನ ಹಳೆಯ ಲೆಕ್ಕದಲ್ಲೇ ಬಡಿಸುತ್ತದೆ, ಎಂಜಿನ್ ಹಸಿದು ಮುಕ್ಕರಿಯುತ್ತದೆ. ಕಾಕಾನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. "ನಮ್ಮ ಹೊಲದ ಕಬ್ಬು ಫ್ಯಾಕ್ಟರಿಗೆ ಹೋಗಿ, ಎಥನಾಲ್ ಆಗಿ, ತಿರುಗಿ ನನ್ನ ಗಾಡಿಗೇ ಬಂದು ಪೈಪು ತಿನ್ನಾಕತ್ತೇತಿ. ಕಬ್ಬಿನ ಬಿಲ್ಲು ಮಾತ್ರ ಇನ್ನೂ ಬಂದಿಲ್ಲ!"

ಪರಿಹಾರ ಅವರೇ ಹುಡುಕಿದರು. ಸ್ಪೀಡುಯಿನೊ ಎಂಬ ಇಸಿಯು, ಎಂಜಿನ್ನಿಗೆ ಹಾಕುವ ಕಂಪ್ಯೂಟರು. ಹುಡುಗರು ಪ್ರಾಜೆಕ್ಟಿಗೆ ಬಳಸುವ ಆರ್ಡುಯಿನೊ ಬೋರ್ಡಿನ ಮೇಲೆ ಕೂಡುವಂಥದ್ದು. ನಕ್ಷೆ, ಪ್ರೋಗ್ರಾಮು ಎಲ್ಲವೂ ಬಹಿರಂಗ, ಯಾರು ಬೇಕಾದರೂ ಕಟ್ಟಿಕೊಳ್ಳಬಹುದು. ಪೆಟ್ರೋಲು ಎಷ್ಟು, ಕಿಡಿ ಯಾವಾಗ ಎನ್ನುವುದನ್ನೆಲ್ಲ ಅದೇ ನಿರ್ಧರಿಸುತ್ತದೆ. ನಾನು ಕಂಪನಿಯೊಂದಕ್ಕೆ ಪಗಾರದ ಸಾಫ್ಟ್‌ವೇರ್ ಬರೆಯುವವನು. "ತಮ್ಮಾ, ನೀ ಕಂಪ್ಯೂಟರ್ ಕಲತಾಂವ" ಎಂದು ಕಾಕಾ ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲಿಟ್ಟರು. ಪಗಾರಕ್ಕೂ ಪಿಸ್ಟನ್ನಿಗೂ ಏನು ಸಂಬಂಧ ಎಂದು ಕೇಳಲು ನನಗೆ ಅವಕಾಶ ಸಿಗಲಿಲ್ಲ.

ಬೋರ್ಡಿಗೆ ನೀರು ತಾಗದಂಥ ಪೆಟ್ಟಿಗೆ ಬೇಕಿತ್ತು. ಕಾಕೂನ ಅಡುಗೆ ಮನೆಯಿಂದ ಚಪಾತಿಯ ಸ್ಟೀಲ್ ಡಬ್ಬಿ ಮಾಯವಾಯಿತು. ಅದಕ್ಕೆ ತೂತು ಕೊರೆದು, ವೈರು ತೂರಿಸಿ, ಎಡಗಡೆ ಕಾಲಿಡುವ ಜಾಗದಲ್ಲಿ ನಟ್ಟು ಬೋಲ್ಟು ಹಾಕಿ ಕೂಡಿಸಿದ್ದಾಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದು ಕಾಕಾ ಒಬ್ಬರೇ.

ಮೊದಲನೆಯ ತಕರಾರು ಕರೆಂಟಿನದು. ಆ ಕಾಲದ ಬ್ರಿಟಿಷ್ ಕಾರುಗಳಂತೆ ಇದೂ ಪಾಸಿಟಿವ್ ಅರ್ಥ್. ಬ್ಯಾಟರಿಯ ಪ್ಲಸ್ಸು ಬಾಡಿಗೆ, ಮೈನಸ್ಸು ವೈರಿಗೆ. ಇಸಿಯುಗೆ ಬೇಕಾದ್ದು ಇದರ ಉಲ್ಟಾ. ಸೀಟಿನ ಹಿಂದೆ ಅಡಗಿರುವ ಎರಡು ಆರು ವೋಲ್ಟಿನ ಬ್ಯಾಟರಿಗಳನ್ನು ತಿರುಗಿಸಿ ಹಾಕಿದರೆ ಸಾಲದು, ಡೈನಮೊಗೂ ದಿಕ್ಕು ಬದಲಾದದ್ದನ್ನು ತಿಳಿಸಬೇಕು: ಬ್ಯಾಟರಿಯಿಂದ ಒಂದು ವೈರು ತಂದು ಅದರ ಫೀಲ್ಡ್ ಟರ್ಮಿನಲ್ಲಿಗೆ ಚಣ ಹೊತ್ತು ಮುಟ್ಟಿಸಬೇಕು. ಜೀವಮಾನವಿಡೀ ಕರೆಂಟಿನ ಜೊತೆ ಸಂಸಾರ ಮಾಡಿದ ಕಾಕಾ ಆ ಚಟ್ ಎನ್ನುವ ಕಿಡಿಗೆ ಹಿಂದಕ್ಕೆ ಹಾರಿದ್ದನ್ನು ಮಿಸ್ತ್ರಿ ಆಟೊ ನಗರಕ್ಕೆಲ್ಲ ಹೇಳಿಕೊಂಡು ಬಂದ.

ಅಷ್ಟಾದರೂ ಸ್ಟಾರ್ಟರಿನ ಗುಂಡಿ ಜಗ್ಗಿದಾಗೊಮ್ಮೆ ವೋಲ್ಟೇಜು ಕುಸಿದು ಡಬ್ಬಿ ನಿದ್ದೆ ಹೋಗುತ್ತಿತ್ತು. ಡೈನಮೊ ನಿಧಾನಕ್ಕೆ ತಿರುಗುವಾಗ ಬ್ಯಾಟರಿಗೆ ಏನೂ ತುಂಬುವುದಿಲ್ಲ, ಆದ್ದರಿಂದ ಅದನ್ನು ತೆಗೆದು ಆಲ್ಟರ್ನೇಟರ್ ಹಾಕೋಣ ಎಂದರು. ಹಾಕಿದರು. ಅದರ ಬೆನ್ನಿಗೇ ಇನ್ನೊಂದು ತಕರಾರು, ಅದರ ಬೆನ್ನಿಗೆ ಮತ್ತೊಂದು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಇಲ್ಲಿ ಅವರಪ್ಪ ತನ್ನ ಇಡೀ ಬಳಗವನ್ನೇ ಕರೆದುಕೊಂಡು ಬಂದಿದ್ದ. ಹಳೆಯ ಕಾರಿಗೆ ಕಂಪ್ಯೂಟರ್ ಹಾಕುವುದೆಂದರೆ ಎಂಟಾಣೆ ಪಾಲು ವೈರಿಂಗ್ ಕೆಲಸ, ಇನ್ನು ಏಳಾಣೆ ಅರ್ಥಿಂಗ್ ಕೆಲಸ, ಕಂಪ್ಯೂಟರು ಒಂದಾಣೆ. ಆದರೆ ಎಲ್ಲರೂ ಕೊಂಡಾಡುವುದು ಆ ಒಂದಾಣೆಯನ್ನೇ.

ಎಂಜಿನ್ ಯಾವ ಕೋನದಲ್ಲಿದೆ ಎಂದು ಇಸಿಯುಗೆ ಗೊತ್ತಾಗಲು ಅದರ ಮುಖ್ಯ ದಂಡದ, ಅಂದರೆ ಕ್ರ್ಯಾಂಕಿನ, ಪುಲ್ಲಿಗೆ ಹಲ್ಲಿನ ಚಕ್ರ ಬೇಕು. ಮೂವತ್ತಾರು ಹಲ್ಲಿನ ಜಾಗ, ಹತ್ತು ಡಿಗ್ರಿಗೆ ಒಂದು. ಒಂದು ಹಲ್ಲು ಬೇಕೆಂದೇ ಖಾಲಿ. ಇದಕ್ಕೆ ಮಾತ್ರ ಬೆಳಗಾವಿಯಲ್ಲಿ ಹುಟ್ಟಿದ್ದು ಸಾರ್ಥಕ. ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪುಗಳಲ್ಲಿ ತಯಾರಾಗದ ಕಬ್ಬಿಣದ ಸಾಮಾನು ಇದೆಯೇ? ಲೇತಿನ ಹುಡುಗ ಡ್ರಾಯಿಂಗ್ ನೋಡಿ ಚಕ್ರವನ್ನು ಹೂವಿನಂತೆ ಕೊರೆದು ಕೊಟ್ಟ. ಆದರೆ ಪಾಪ, ಬಲು ಪ್ರಾಮಾಣಿಕ. "ಒಂದ ಹಲ್ಲು ಮರತಿದ್ರಿ ನೋಡ್ರಿ, ನಾನ ಹಾಕೇನಿ. ಅದಕ್ಕ ರೊಕ್ಕ ಬ್ಯಾಡ" ಎಂದ. ಪುಕ್ಕಟೆ ಬಂದ ಹಲ್ಲನ್ನು ತೆಗೆಸಲು ರೊಕ್ಕ ಕೊಟ್ಟು ಬಂದೆವು.

ಚಕ್ರ ಕೂತ ಮೇಲೆ ಎಂಜಿನ್ ಸುಮ್ಮನೆ ಗುಡುಗುಡು ಎನ್ನುತ್ತಿದ್ದರೂ ಲ್ಯಾಪ್‌ಟಾಪು 11,000 ಆರ್‌ಪಿಎಂ ತೋರಿಸಿತು. ಆರು ಸಾವಿರ ದಾಟಿದರೆ ಕೈಕಾಲು ಉದುರುವ ಎಂಜಿನ್ ಅದು. ಮಿಸ್ತ್ರಿ ಬಗ್ಗಿ ನೋಡಿ, "ಹಂಗಾದ್ರ ಇದು ಸ್ಟ್ಯಾಂಡ್ ಮ್ಯಾಲೆ ನಿಂತಕೊಂಡ ಗೋವಾ ಮುಟ್ಟೇತಿ ಬಿಡ್ರಿ" ಎಂದ. ದೋಷ ಪ್ಲಗ್ಗಿನ ವೈರುಗಳದು. ಹಳೆಯ ತಾಮ್ರದ ವೈರಿನ ಕಿಡಿಯ ಗದ್ದಲ ಪಕ್ಕದಲ್ಲೇ ಹೋಗುವ ಸೆನ್ಸರಿನ ವೈರಿನೊಳಗೆ ನುಗ್ಗಿ ಹಲ್ಲಿನ ಲೆಕ್ಕ ತಪ್ಪಿಸುತ್ತಿತ್ತು. ರೆಸಿಸ್ಟರ್ ಇರುವ ವೈರು ಹಾಕಿ, ಸೆನ್ಸರಿನ ವೈರಿಗೆ ಜಾಳಿಗೆ ಹೊದಿಸಿ, ಆ ಜಾಳಿಗೆಯನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿದ ಮೇಲೆ ಎಂಜಿನ್ನೂ ಲ್ಯಾಪ್‌ಟಾಪೂ ಒಂದೇ ಮಾತು ಆಡಿದವು.

ಕಾರ್ಬುರೇಟರ್ ತೆಗೆದು, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಹಾಕಿ ಮೊದಲ ಸಲ ಪೇಟೆಗೆ ಹೊರಟಾಗ ಟಿಳಕವಾಡಿಯ ರೈಲ್ವೆ ಗೇಟು ಬಿದ್ದಿತ್ತು. ಗೇಟು ಎದ್ದಾಗ ಕಾರು ಏಳಲಿಲ್ಲ. ಹಿಂದಿನಿಂದ ಕರಿ ಹೊಗೆ. ಸುತ್ತಲಿನ ಸ್ಕೂಟರಿನವರು ಮೂಗು ಮುಚ್ಚಿಕೊಂಡು ನಮ್ಮನ್ನು ಆಶೀರ್ವದಿಸಿದರು. ನೋಡಿದರೆ ಎಂಜಿನ್ನಿನ ನೀರಿನ ಉಷ್ಣತೆ ಮೈನಸ್ ನಲವತ್ತು ಎಂದು ತೋರಿಸುತ್ತಿದೆ. ಸೆನ್ಸರಿನ ವೈರು ಕಡಿದರೆ ಇಸಿಯು ಹಾಗೆಯೇ ತಿಳಿಯುತ್ತದೆ. ಪಾಪ ಎಂಜಿನ್ನಿಗೆ ಚಳಿ ಎಂದು ಪೆಟ್ರೋಲು ಸುರಿಯುತ್ತದೆ.

"ಸೆಂಟಿಗ್ರೇಡೋ ಫ್ಯಾರನ್‌ಹೀಟೋ?" ಎಂದರು ಕಾಕಾ, ಹಿಂದೆ ಹಾರ್ನ್ ಹೊಡೆಯುತ್ತಿದ್ದ ಟೆಂಪೊಗೆ ಕಿವಿಗೊಡದೆ.

"ಮೈನಸ್ ನಲವತ್ತರಾಗ ಎರಡೂ ಒಂದರೀ ಕಾಕಾ."

"ಹಂಗ ಹೆಂಗ ಆಗ್ತೈತಿ? ಲೆಕ್ಕಾ ಮಾಡು."

ರೈಲ್ವೆ ಹಳಿಯ ಪಕ್ಕದಲ್ಲಿ ನಾನು ಒಂಬತ್ತು ಗುಣಿಸು ಭಾಗಿಸು ಐದು ಮಾಡುತ್ತಿರುವಾಗಲೇ ಮುಂದಿನ ರೈಲಿಗೆ ಗೇಟು ಮತ್ತೆ ಬಿತ್ತು.

ವೈರು ಸರಿಯಾಯಿತು, ಕಾರು ಮಾತ್ರ ಕುಂಟುತ್ತಲೇ ಇತ್ತು. ಇದರ ಮೂಲ ಎಂಜಿನ್ನಿನ ತಲೆಯಲ್ಲೇ ಇದೆ. ನಾಲ್ಕು ಸಿಲಿಂಡರಿಗೆ ಒಳಬಾಗಿಲು ಎರಡೇ. ಒಂದು ಮತ್ತು ಎರಡನೆಯದಕ್ಕೆ ಸೇರಿ ಒಂದು, ಮೂರು ಮತ್ತು ನಾಲ್ಕನೆಯದಕ್ಕೆ ಇನ್ನೊಂದು. ಎರಡನೆಯದು ಎಳೆದ ಬೆನ್ನಿಗೇ ಒಂದನೆಯದು ಎಳೆಯುತ್ತದೆ, ಆಮೇಲೆ ದೊಡ್ಡ ಬಿಡುವು. ನಮ್ಮೂರಲ್ಲಿ ನೀರು ಬಿಟ್ಟಾಗ ಒಂದೇ ನಳಕ್ಕೆ ಇಬ್ಬರು ವಾರಗಿತ್ತಿಯರು ಕೊಡ ಹಿಡಿದು ನಿಂತಂತೆ: ಮೊದಲು ಬಂದವಳ ಕೊಡ ತುಂಬಿ ಚೆಲ್ಲುತ್ತದೆ, ಎರಡನೆಯವಳಿಗೆ ಬರುವುದು ಬುಸ್ ಎನ್ನುವ ಗಾಳಿ. ಬಿಡುವಿನಲ್ಲಿ ಇಂಜೆಕ್ಟರ್ ಚಿಮ್ಮಿಸಿದ ಪೆಟ್ರೋಲನ್ನೆಲ್ಲ ಒಳಗಿನ ಎರಡು ಸಿಲಿಂಡರು ಕುಡಿದವು, ಹೊರಗಿನ ಎರಡು ಉಪವಾಸ ಬಿದ್ದವು. ಚಿಮ್ಮಿಸುವ ಗಳಿಗೆಯನ್ನು ಕರಾರುವಾಕ್ಕಾಗಿ ಹಂಚಿದರೆ ಇದು ಬಗೆಹರಿಯುತ್ತದೆ, ನಿಜ. ಇಂಥದೇ ತಲೆಯ ಮಿನಿ ಕಾರಿಗೆ ಬಾಗಿಲಿಗೊಂದು ಇಂಜೆಕ್ಟರನ್ನು ಕಂಪನಿಯವರೇ ಕೂಡಿಸಿದ್ದು 1996ರಲ್ಲಿ, ಆ ಎಂಜಿನ್ ಹುಟ್ಟಿ ನಾಲ್ಕು ದಶಕ ದಾಟಿದ ಮೇಲೆ. ನಮ್ಮಲ್ಲಿ ನಾಲ್ಕು ದಶಕ ಕಾಯುವ ವಯಸ್ಸು ಯಾರಿಗೂ ಇರಲಿಲ್ಲ.

ಕಾರ್ಬುರೇಟರ್‌ಗಳು ವಾಪಸು ಬಂದವು. ಡಬ್ಬಿಗೆ ಉಳಿದದ್ದು ಕಿಡಿಯ ಖಾತೆ ಮಾತ್ರ. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂದು ತೋರಿಸಲು ಸೈಲೆನ್ಸರ್ ಪೈಪಿನಲ್ಲಿ ಕೂಡಿಸಿದ್ದ ಸೆನ್ಸರಿನ ಮೀಟರು ಹಾಗೇ ಉಳಿಯಿತಲ್ಲ, ಅದನ್ನು ಕಾಕಾ ಮಿಸ್ತ್ರಿಗೆ ಪರೀಕ್ಷೆಯಂತೆ ಒಡ್ಡಿದರು. ಅವನು ಅದರತ್ತ ನೋಡಲೇ ಇಲ್ಲ. ಒಂದು ರಬ್ಬರ್ ಪೈಪಿನ ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ. ಎರಡರ ಬುಸುಗುಡುವಿಕೆ ಒಂದೇ ಸಮ ಆಗುವವರೆಗೆ ಕೇಳಿದ. ಕಾರ್ಬುರೇಟರಿನೊಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ಎಂಜಿನ್ನಿನ ದನಿ ಏರಿತೋ ಇಳಿಯಿತೋ ನೋಡಿ ಜೆಟ್ಟಿನ ನಟ್ಟು ತಿರುವಿ ಇಳಿಸಿದ. ಮೀಟರು 13.4 ಎಂದಿತು. ಕಾಕಾ ಚಶ್ಮಾ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. "ಮೀಟರ್ ಬರೋಬ್ಬರಿ ಐತ್ರಿ ಸಾಹೇಬ್ರ" ಎಂದು ಮಿಸ್ತ್ರಿಯೇ ಮೀಟರಿಗೆ ಪಾಸು ಮಾರ್ಕು ಕೊಟ್ಟ.

ಕಿಡಿಯ ಕೋಷ್ಟಕದಲ್ಲಿ 256 ಮನೆಗಳು. ಎಷ್ಟು ವೇಗಕ್ಕೆ, ಎಷ್ಟು ಭಾರಕ್ಕೆ, ಎಷ್ಟು ಡಿಗ್ರಿ ಮುಂಚೆ ಕಿಡಿ ಹಾರಬೇಕು ಎಂದು ತುಂಬಬೇಕು. ಹೆಚ್ಚಾದರೆ ಏರಿನಲ್ಲಿ ಎಂಜಿನ್ ಕಟಕಟ ಹಲ್ಲು ಕಡಿಯುತ್ತದೆ. ಅದನ್ನು ಕೇಳಿಸಿಕೊಳ್ಳುವ ಕಿವಿ ಮಿಸ್ತ್ರಿಯದು, ಕಾರಿನಲ್ಲಿ ಸೀಟು ಎರಡೇ. ಸ್ಟಿಯರಿಂಗ್ ಬಿಟ್ಟುಕೊಡಲು ಕಾಕಾ ಒಪ್ಪಲಿಲ್ಲ, ಲ್ಯಾಪ್‌ಟಾಪ್ ಮುಟ್ಟಲು ಮಿಸ್ತ್ರಿ ಒಪ್ಪಲಿಲ್ಲ. ಹಾಗಾಗಿ ಯಳ್ಳೂರಿನ ರಾಜಹಂಸಗಡದ ಏರಿನಲ್ಲಿ ಒಂದು ಮೆರವಣಿಗೆ ಹೊರಟಿತು. ಕಾಕಾ ಗೇರು ಹಾಕಿ ಏರಿಸುವುದು, ಪಕ್ಕದಲ್ಲಿ ಮಿಸ್ತ್ರಿ ತನ್ನ ಸ್ಕೂಟರಿನ ಮೇಲೆ ಬಾನೆಟ್ಟಿಗೆ ಕಿವಿ ಕೊಟ್ಟು ಬರುವುದು, ಚಪಾತಿ ಡಬ್ಬಿಯ ಪಕ್ಕ ಕಾಲು ಮಡಚಿಕೊಂಡು ನಾನು ಟೈಪಿಸುವುದು.

"ಎರಡ ಡಿಗ್ರಿ ಇಳಸ್ರೀ!"

"ಯಾವ ಮನ್ಯಾಗ?"

"ಅದನ್ನ ನೀವ ನೋಡ್ರಿ! ಈಗ ಬೇಶ್! ಇಲ್ಲಾ ಇಲ್ಲಾ, ಮತ್ತ ಹೊಡ್ಯಾಕತ್ತು!"

ಎದುರಿಗೆ ಬಂದ ಎಮ್ಮೆಗಳು ದಾರಿ ಬಿಟ್ಟು ನಿಂತು ನೋಡಿದವು. ಸಾಫ್ಟ್‌ವೇರಿನಲ್ಲಿ ಈಚೆಗೆ ಇಷ್ಟು ಶುದ್ಧವಾದ ಫೀಡ್‌ಬ್ಯಾಕು ನನಗೆ ಸಿಕ್ಕಿಲ್ಲ.

ಒಂದು ಮಾತು ಹೇಳಬೇಕು. 2021ರ ಕೇಂದ್ರದ ನಿಯಮದಂತೆ ಕಾಕಾ ಕಾರನ್ನು ವಿಂಟೇಜ್ ಎಂದು ನೋಂದಾಯಿಸಿ, 'ವಿಎ' ಅಕ್ಷರದ ನಂಬರು ಪಡೆದಿದ್ದಾರೆ. ಐವತ್ತು ವರ್ಷ ದಾಟಿರಬೇಕು, ಎಂಜಿನ್ ಬಾಡಿಗಳಲ್ಲಿ ದೊಡ್ಡ ಬದಲಾವಣೆ ಇರಬಾರದು. "ಎಂಜಿನ್ನ ಎಲ್ಲಿ ಮುಟ್ಟೇನಿ? ಬುದ್ಧಿ ಅಷ್ಟ ಹಾಕೇನಿ" ಎನ್ನುವುದು ಕಾಕಾನ ವಾದ. ಇಂಥ ಗಾಡಿಯನ್ನು ದಿನಾ ಓಡಾಡಲು ತೆಗೆಯುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ಅಂದಿನಿಂದ ಕಾಕಾ ಎಲ್ಲಿಗೆ ಹೊರಟರೂ ಪೆಟ್ರೋಲ್ ಹಾಕಿಸಲು ಹೊರಟಿರುತ್ತಾರೆ.

ಗಡದಿಂದ ಇಳಿಯುವಾಗ ಪೊಲೀಸರೊಬ್ಬರು ಕೈ ಅಡ್ಡ ಮಾಡಿದರು. ಕಾಗದ ನೋಡಿದರು, ನಂಬರು ನೋಡಿದರು, ನನ್ನ ತೊಡೆಯ ಮೇಲಿನ ಲ್ಯಾಪ್‌ಟಾಪು ನೋಡಿದರು.

"ಎಲ್ಲಿ ಹೋಗಿದ್ರಿ ಯಜಮಾನ್ರ?"

"ಪೆಟ್ರೋಲ್ ಹಾಕಸಾಕ," ಎಂದರು ಕಾಕಾ ರೂಢಿಯಂತೆ.

"ಗಡದ ಮ್ಯಾಲೆ ಯಾವ ಪಂಪ್ ಐತ್ರಿ?"

ಕಾಕಾ ತಡವರಿಸಿದರು. ಮಿಸ್ತ್ರಿ ಸ್ಕೂಟರ್ ಮುಂದೆ ತಂದು, "ರಿಪೇರಿ ನಡದೈತ್ರಿ ಸಾಹೇಬ್ರ" ಎಂದ.

"ಎಲ್ಲಿ ನಡದೈತಿ?"

"ಇಲ್ಲೇ ರೀ. ಓಡಕೋತ ಮಾಡೋ ರಿಪೇರಿ ಇದು. ನಿಂತ್ರ ಆಗೂದಿಲ್ಲ."

ಅವರು ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ಮತ್ತೆ ಹನಿಯತೊಡಗಿತ್ತು. ಕಾಗದ ಕಾಕಾನ ಕೈಗಿಟ್ಟು, "ಹಂಗಿದ್ರ ನಿಂದರಬ್ಯಾಡ್ರಿ, ಓಡಸ್ರಿ ಮತ್ತ" ಎಂದರು.