ಫ್ಯಾನಿಗಲ್ಲ, ಕಂಬಕ್ಕೆ ದುಡ್ಡು ಹಾಕಿ

ಮೊನ್ನೆ ನಮ್ಮ ಹೊಲದ ಮನೆಗೆ ಗಾಳಿಯಿಂದ ಕರೆಂಟ್ ಮಾಡೋ ಫ್ಯಾನಿನ ಫೋಟೋ ಹಾಕಿದ್ದೇ ತಡ, ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ, "ಎಷ್ಟಾಯ್ತು ಗುರು, ನಮ್ ಟೆರೇಸ್ ಮೇಲೂ ಹಾಕ್ಬೋದಾ?" ಒಬ್ಬೊಬ್ರಿಗೂ ಬರೆಯೋಕಾಗಲ್ಲ, ಇಲ್ಲೇ ಬರೀತೀನಿ, ಉದ್ದ ಆಗುತ್ತೆ, ಬೇಜಾರಾದ್ರೆ ಮುಂದಕ್ಕೆ ಹೋಗಿ.

ಟೆರೇಸ್ ಮೇಲೆ ಬೇಡ. ಊರೊಳಗೆ ಮನೆ ಇದ್ದು ಗೃಹಜ್ಯೋತಿ ಬರ್ತಿದ್ರಂತೂ ಈ ತಂಟೆಗೇ ಹೋಗ್ಬೇಡಿ, 200 ಯೂನಿಟ್ ತನಕ ಬಿಟ್ಟಿ ಸಿಗೋ ಕರೆಂಟಿನ ಮುಂದೆ ಯಾವ ಫ್ಯಾನಿನ ಲೆಕ್ಕಾನೂ ಕೂಡಿ ಬರಲ್ಲ. ನಮ್ದು ಚಿತ್ರದುರ್ಗದ ಕಡೆ, ಊರಿಂದ ದೂರ ಇರೋ ಹೊಲದ ಮನೆ, ಅಲ್ಲಿತನಕ ಲೈನ್ ಎಳೆಸೋ ಖರ್ಚು ಕೇಳಿ ಸುಮ್ನಾದೋರು ನಾವು. ಎರಡು ಸೋಲಾರ್ ಪ್ಯಾನೆಲ್ ಇತ್ತು, ಬೇಸಿಗೇಲಿ ಧಾರಾಳ, ಆಷಾಢ ಬಂತು ಅಂದ್ರೆ ಮೋಡ ಮುಚ್ಕೊಂಡು ರಾತ್ರಿ ಎಂಟಕ್ಕೇ ಬ್ಯಾಟರಿ ಕೈ ಎತ್ತೋದು. ಅದೇ ಹೊತ್ತಿಗೆ ಹೊರಗೆ ಶೀಟು ಹಾರಿಸೋ ಗಾಳಿ. ಎದುರು ಗುಡ್ಡದ ಮೇಲೆ ಕಂಪನಿ ಫ್ಯಾನ್‌ಗಳು ಸಾಲಾಗಿ ತಿರುಗ್ತಿರ್ತವೆ, ಇಲ್ಲಿ ನಾವು ಮೊಬೈಲ್ ಟಾರ್ಚ್ ಹಾಕ್ಕೊಂಡು ಮುದ್ದೆ ಮುರಿಯೋದು. ಹೊಟ್ಟೆ ಉರಿಯಲ್ವಾ ಹೇಳಿ.

ಮೊದಲನೇ ಸಲ ಎಲ್ರೂ ಮಾಡೋದನ್ನೇ ನಾನೂ ಮಾಡ್ದೆ. ಗುಜರಿಯಿಂದ ಹಳೇ ಕಾರಿನ ಆಲ್ಟರ್ನೇಟರ್ (ಕಾರಿನ ಬ್ಯಾಟರಿ ಚಾರ್ಜ್ ಮಾಡೋ ಡೈನಮೋ) ತಂದೆ, ಪಿವಿಸಿ ಪೈಪ್ ಸೀಳಿ ಮೂರು ಬ್ಲೇಡ್ ಮಾಡ್ದೆ, ಮನೆ ತಾರಸಿ ಮೇಲೆ ನಿಲ್ಸಿದೆ. ತಿರುಗ್ತು, ಚೆನ್ನಾಗೇ ತಿರುಗ್ತು, ಚಾರ್ಜ್ ಮಾತ್ರ ಸೊನ್ನೆ. ಆ ಆಲ್ಟರ್ನೇಟರ್‌ಗೆ ನಿಮಿಷಕ್ಕೆ ಸಾವಿರಕ್ಕಿಂತ ಜಾಸ್ತಿ ಸುತ್ತು ಬೇಕು, ನಮ್ಮಂಥ ಫ್ಯಾನ್ ಬೀಸೋದು ಇನ್ನೂರು ಮುನ್ನೂರು, ಸಾಲದ್ದಕ್ಕೆ ಅದರೊಳಗಿನ ಕಾಯಿಲ್‌ಗೆ ನಮ್ ಬ್ಯಾಟರಿಯಿಂದಾನೇ ಕರೆಂಟ್ ಕೊಡ್ಬೇಕು. ಮೇಲಿಂದ ರಾತ್ರಿಯಿಡೀ ತಾರಸಿ ಗುಂಯ್ ಅನ್ನೋದು, ಅಮ್ಮ ಮೂರನೇ ದಿನ "ಅದು ಇರ್ಬೇಕು ಇಲ್ಲ ನಾನಿರ್ಬೇಕು" ಅಂದ್ಬಿಟ್ರು. ಇಳಿಸ್ದೆ.

ಆಮೇಲೆ ಆನ್‌ಲೈನ್‌ನಲ್ಲಿ ನೋಡಿದ್ರೆ ಎರಡಡಿ ಅಗಲದ ಫ್ಯಾನು, "1000 ವ್ಯಾಟ್" ಅಂತ ಜಾಹೀರಾತು. ಕಾಸು ಕಳಿಸೋಕೆ ಮುಂಚೆ ಒಂದು ಲೆಕ್ಕ ಹಾಕಿ. ಗಾಳಿ ವೇಗ ಎರಡರಷ್ಟಾದ್ರೆ ಅದರ ಶಕ್ತಿ ಎಂಟರಷ್ಟಾಗುತ್ತೆ, ಫ್ಯಾನಿನ ಅಗಲ ಎರಡರಷ್ಟಾದ್ರೆ ನಾಲ್ಕರಷ್ಟು. ಆ ಗಾಳಿಯಲ್ಲಿ ಯಾವ ಯಂತ್ರವೂ 59.3 ಪರ್ಸೆಂಟ್‌ಗಿಂತ ಜಾಸ್ತಿ ಹಿಡಿಯೋಕಾಗಲ್ಲ ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಜ್ 1919ರಷ್ಟು ಹಿಂದೇನೇ ತೋರಿಸಿಟ್ಟಿದ್ದಾರೆ. ಎರಡಡಿ ಫ್ಯಾನಿಗೆ ಸೆಕೆಂಡಿಗೆ 12 ಮೀಟರ್ ಬಿರುಗಾಳಿ ಕೊಟ್ರೂ, ದೇವಲೋಕದ ಇಂಜಿನಿಯರ್ ಬಂದು ಮಾಡಿದ್ರೂ 185 ವ್ಯಾಟ್ ದಾಟಲ್ಲ. ಮನೇಲಿ ಮಾಡಿದ್ದು ಅದರ ಅರ್ಧ ಕೊಟ್ರೆ ಪುಣ್ಯ. ನಮ್ಮ ಈಗಿನ ಫ್ಯಾನ್ ಎರಡು ಮೀಟರ್ ಅಗಲ, ಸೆಕೆಂಡಿಗೆ 4 ಮೀಟರ್ ಗಾಳಿಗೆ ಇಪ್ಪತ್ತೈದೋ ಮೂವತ್ತೋ ವ್ಯಾಟ್, 8 ಮೀಟರ್ ಬೀಸಿದ್ರೆ ಇನ್ನೂರರ ಆಜುಬಾಜು. ನೋಡಿ, ಅದೇ ಫ್ಯಾನು.

ಅದಕ್ಕೇ ಹೇಳ್ತಿರೋದು, ಗಾಳಿ ಎಲ್ಲಿ ಜೋರಾಗಿದೆಯೋ ಅಲ್ಲಿಗೆ ಫ್ಯಾನನ್ನ ಎತ್ತೋದೇ ಅರ್ಧ ಕೆಲಸ. ಸುತ್ತ ನೂರು ಮೀಟರ್ ಒಳಗಿರೋ ಮನೆ, ಮರ ಎಲ್ಲಕ್ಕಿಂತ ಮೂವತ್ತಡಿ ಮೇಲಿರ್ಬೇಕು ಅಂತಾರೆ ಬಲ್ಲವರು. ನಮ್ಮ ಮನೆ ಸುತ್ತ ತೆಂಗಿನ ಮರ, ಅಲ್ಲಿ ಅಷ್ಟೆತ್ತರ ಕಂಬ ಹಾಕೋಕೆ ನಮ್ಮ ಜೇಬಲ್ಲಿ ಆಗದ ಮಾತು. ಆಗ ದೊಡ್ಡಪ್ಪ ಒಂದು ಮಾತು ಅಂದ್ರು, "ಲೋ, ಹಿಂದೆ ಕಣ ಎಲ್ಲಿ ಮಾಡ್ತಿದ್ವಿ, ಅಲ್ಲಿ ನೆಡು." ರಾಗಿ ತೂರೋಕೆ ಅಂತ ಹಿರಿಯರು ಹುಡುಕಿಟ್ಟ ದಿಬ್ಬ ಅದು. ಸುಗ್ಗಿ ಕಾಲದ ಗಾಳಿ ದಿಕ್ಕು ಬೇರೆ, ಆಷಾಢದ್ದು ಬೇರೆ, ಆದ್ರೆ ಆ ದಿಬ್ಬಕ್ಕೆ ಯಾವ ಕಡೆಯಿಂದ್ಲೂ ಅಡ್ಡ ಇಲ್ಲ. ಆದ್ರೂ ನಂಬಿಕೆ ಬರ್ಲಿಲ್ಲ ನೋಡಿ, ಗಾಳಿಪಟ ಹಾರಿಸಿ ದಾರಕ್ಕೆ ಐದೈದು ಅಡಿಗೆ ಒಂದೊಂದು ಹಳೇ ಸೀರೆ ಚೂರು ಕಟ್ಟಿದೆ. ಮನೆ ಹತ್ರ ಕೆಳಗಿನ ಚೂರುಗಳೆಲ್ಲ ದೆವ್ವ ಹಿಡಿದೋರ ಹಾಗೆ ದಿಕ್ಕಾಪಾಲು, ಕಣದ ದಿಬ್ಬದ ಮೇಲೆ ಇಪ್ಪತ್ತಡಿಗೇ ಎಲ್ಲವೂ ಒಂದೇ ಕಡೆ ನೆಟ್ಟಗೆ, ಅಂದ್ರೆ ಅಲ್ಲಿ ಗಾಳಿ ಸುಳಿ ಸುತ್ತದೇ ಒಂದೇ ಸಮ ಬೀಸುತ್ತೆ. ಖರ್ಚು ಗಾಳಿಪಟದ್ದು ಅಷ್ಟೇ.

ಯಂತ್ರ ನನ್ನ ಬುದ್ಧಿ ಅಲ್ಲ. ಸ್ಕಾಟ್ಲೆಂಡಿನಲ್ಲಿ ಸ್ಕೊರೇಗ್ ಅಂತ ರಸ್ತೇನೇ ಇಲ್ಲದ ಜಾಗದಲ್ಲಿ ಹ್ಯೂ ಪಿಗಟ್ ಅನ್ನೋರು ದಶಕಗಳಿಂದ ಇದನ್ನೇ ಮಾಡ್ಕೊಂಡು, ಬೇರೆಯೋರಿಗೂ ಕಲಿಸ್ತಾ ಬಂದಿದ್ದಾರೆ, ಅವರ ಡಿಸೈನ್ ನೋಡ್ಕೊಂಡು ಮಾಡಿದ್ದು. ಎರಡು ಕಬ್ಬಿಣದ ತಟ್ಟೆ, ಒಂದೊಂದಕ್ಕೂ ಹನ್ನೆರಡು ನಿಯೋಡೈಮಿಯಮ್ ಅನ್ನೋ ಭಾರೀ ಸೆಳೆತದ ಮ್ಯಾಗ್ನೆಟ್, ಮಧ್ಯೆ ರೆಸಿನ್‌ನಲ್ಲಿ ಎರಕ ಹೊಯ್ದ ಒಂಬತ್ತು ತಾಮ್ರದ ಕಾಯಿಲ್, ತಿರುಗೋಕೆ ಹಳೇ ಕಾರಿನ ಚಕ್ರದ ಹಬ್. ಆ ತಟ್ಟೆಗಳ ವಿಷ್ಯದಲ್ಲಿ ಹುಷಾರು, ಒಂದನ್ನೊಂದು ಸೆಳೆಯೋ ರಭಸಕ್ಕೆ ನನ್ನ ಹೆಬ್ಬೆರಳ ಉಗುರು ತಿಂಗಳುಗಟ್ಲೆ ನೀಲಿಯಾಗಿತ್ತು. ಉದ್ದದ ಬೋಲ್ಟ್ ಹಾಕಿ ಸುತ್ತು ಸುತ್ತಾಗಿ ಇಳಿಸಿ. ಬ್ಲೇಡು ಸಿಲ್ವರ್ ಓಕ್ ಮರದ್ದು, ನಮ್ಮೂರ ಆಚಾರ್ರು ಕೆತ್ತಿಕೊಟ್ರು, "ಇದೇನ್ ಸ್ವಾಮಿ, ತೆಪ್ಪದ ಹುಟ್ಟು ಮಾಡ್ಸಿ ಯಾವ ಕೆರೆಗೆ ಇಳೀತೀರಿ" ಅಂತ ನಕ್ಕೊಂಡೇ.

ಖರ್ಚು ಅಂದ್ರೆ ಮ್ಯಾಗ್ನೆಟ್, ತಾಮ್ರ, ಗುಜರಿ ಸಾಮಾನು, ವೆಲ್ಡಿಂಗ್ ಎಲ್ಲ ಸೇರಿ ಹದಿನೈದು ಸಾವಿರದ ಹತ್ರ. ಮೂವತ್ತಡಿ ಜಿಐ ಪೈಪಿನ ಕಂಬ, ಎಳೆದು ಕಟ್ಟೋ ಸ್ಟೀಲ್ ವೈರ್, ಕಾಂಕ್ರೀಟು, ಮನೆ ತನಕ ಕೇಬಲ್, ಇದಕ್ಕೂ ಅಷ್ಟೇ ಆಯ್ತು. ಬ್ಯಾಟರಿ ಸೋಲಾರ್‌ದೇ ಇತ್ತು, ಇಲ್ದಿದ್ರೆ ನಿಮಗೆ ಅದು ಬೇರೆ. ಕಂಬಕ್ಕೆ ಇಷ್ಟೊಂದಾ ಅಂತ ಮನೇಲಿ ಜಗಳಾನೂ ಆಯ್ತು. ಕಂಬದ ಬುಡಕ್ಕೆ ಹಿಂಜ್ ಹಾಕ್ಸಿ, ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಎತ್ತೋ ಇಳಿಸೋ ಹಾಗೆ ಮಾಡ್ಕೊಳ್ಳಿ, ಯಾರೂ ಹತ್ತೋದು ಬೇಡ. ಬ್ಯಾಟರಿ 12 ವೋಲ್ಟ್ ಬಿಟ್ಟು 24ಕ್ಕೆ ಹೋಗಿ, ವೈರಲ್ಲಿ ಹರಿಯೋ ಕರೆಂಟ್ ಅರ್ಧ ಆಗುತ್ತೆ, ಅದೇ ವೈರಲ್ಲಿ ಪೋಲಾಗೋದು ಮೊದಲಿದ್ದದ್ದರ ಕಾಲು ಭಾಗಕ್ಕೆ ಇಳಿಯುತ್ತೆ.

ಇನ್ನೊಂದು, ಫ್ಯಾನಿಗೆ ಲೋಡ್ ಇಲ್ಲದೇ, ಅಂದ್ರೆ ಕರೆಂಟ್ ತಗೊಳ್ಳೋ ಬ್ಯಾಟರಿ ಇಲ್ಲದೇ ಬಿಡ್ಬೇಡಿ. ಒಂದಿನ ರಾತ್ರಿ ಬ್ಯಾಟರಿ ಟರ್ಮಿನಲ್ ಸಡಿಲ ಆಗಿ ವೈರ್ ಕಳಚ್ಕೊಂಡಿತ್ತು, ಫ್ಯಾನು ಬೀಸೋ ಸದ್ದು ಹೋಗಿ ಸಿಳ್ಳೆ ಥರ ಆಯ್ತು, ನಾಯಿಗಳೆಲ್ಲ ಕೊಟ್ಟಿಗೆ ಸೇರ್ಕೊಂಡ್ವು. ಎದ್ದು ಹೋಗಿ ಫ್ಯಾನಿಂದ ಬರೋ ಮೂರೂ ಫೇಸ್ ವೈರ್ ಒಂದಕ್ಕೊಂದು ಶಾರ್ಟ್ ಮಾಡಿ ಫ್ಯಾನ್ ನಿಲ್ಸೋ ಬ್ರೇಕ್ ಸ್ವಿಚ್ಚು ಹಾಕಿದ್ರೆ ಆ ವೇಗಕ್ಕೆ ಅದೂ ಕೇಳ್ಲಿಲ್ಲ, ಒಂದು ಬ್ಲೇಡಿನ ತುದಿ ಕಿತ್ಕೊಂಡು ಹೋಗಿ ಬೆಳಿಗ್ಗೆ ಪಕ್ಕದ ಜೋಳದ ಹೊಲದಲ್ಲಿ ನೆಟ್ಕೊಂಡಿತ್ತು. ಯಾರೂ ಇರ್ಲಿಲ್ಲ, ದೇವರು ದೊಡ್ಡೋನು. ಫ್ಯಾನನ್ನ ಗಾಳಿಗೆ ಎದುರಾಗಿ ನಿಲ್ಸೋ ಹಿಂದಿನ ಬಾಲವನ್ನ ಓರೆ ಹಿಂಜ್‌ನಲ್ಲಿ ಕೂರಿಸಿದ್ರೆ ಗಾಳಿ ಜಾಸ್ತಿ ಆದಾಗ ಫ್ಯಾನ್ ತಾನೇ ಪಕ್ಕಕ್ಕೆ ಮುಖ ತಿರುಗಿಸುತ್ತೆ, ನಂದರಲ್ಲಿ ಬಾಲದ ತೂಕ ಜಾಸ್ತಿ ಆಗಿ ಅದು ತಿರುಗೇ ಇರ್ಲಿಲ್ಲ. ಈಗ ಬಾಲ ಕತ್ತರಿಸಿ ಹಗುರ ಮಾಡಿದೀನಿ.

ಕೈಲಿ ಮೂವತ್ತು ಸಾವಿರ ಮಾತ್ರ ಇದ್ದು, ಇನ್ನೂ ಪ್ಯಾನೆಲ್ಲೇ ಹಾಕ್ಸಿಲ್ಲ ಅನ್ನೋರು ಮೊದ್ಲು ಅದನ್ನ ಹಾಕ್ಸಿ, ನನ್ನನ್ನ ಬೈದ್ರೂ ಪರವಾಗಿಲ್ಲ. ನಮ್ಮ ಫ್ಯಾನು ನಿಜವಾಗಿ ದುಡಿಯೋದು ಜೂನ್‌ನಿಂದ ಸೆಪ್ಟೆಂಬರ್, ಉಳಿದ ತಿಂಗಳು ನೆಂಟರ ಥರ ಬಂದು ಹೋಗುತ್ತೆ. ಈಗ ಕಾರ್ತಿಕ, ಎಲೆ ಅಲ್ಲಾಡ್ತಿಲ್ಲ, ಕಾಗೆ ಬಂದು ಬಾಲದ ಮೇಲೆ ಕೂತಿದೆ. ಭಾನುವಾರ ಟ್ರ್ಯಾಕ್ಟರ್ ಸಿಕ್ರೆ ಕಂಬ ಇಳಿಸಿ ಬ್ಲೇಡಿಗೆ ಅಗಸೆ ಎಣ್ಣೆ ಹಚ್ಬೇಕು, ನೋಡ್ಬೇಕು ಅನ್ನೋರು ಅವತ್ತೇ ಬನ್ನಿ, ಹಗ್ಗ ಹಿಡಿಯೋಕೂ ಜನ ಬೇಕು.